ನೌಕಾಪಡೆಗೆ ಮೂರನೇ ವಿಮಾನವಾಹಕ ಬೇಕೇ? ಪರ – ವಿರೋಧ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಅಲ್ಲಿ ನಿಂತಿರುವ ಟುಪೊಲೆವ್ ವಿಮಾನವನ್ನು ನೋಡಿರುತ್ತಾರೆ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 50 ಮೀಟರ್. ನಾಲ್ಕು ಎಂಜಿನ್. ಪ್ರತಿ ಎಂಜಿನ್‌ಗೂ ಹಿಂದೊಂದು ಮುಂದೊಂದು ಪಂಖ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುವ ಏರ್ಪಾಟು. ಕತ್ತೆತ್ತಿ ನೋಡುತ್ತಾ ನಿಂತರೆ ಇದು ಹೇಗೆ ಹಾರುತ್ತಿತ್ತಪ್ಪಾ ಅನ್ನಿಸುತ್ತದೆ. 1988ರಲ್ಲಿ ಟಿಯು-142 ವಿಮಾನಗಳು ನಮ್ಮ ನೌಕಾಪಡೆ ಸೇರಿದವು, 2017ರಲ್ಲಿ ನಿವೃತ್ತಿಯಾದವು. ದಡದಿಂದ ಎದ್ದು, ಸಾಗರದ ನಡುವೆ ಗಂಟೆಗಟ್ಟಲೆ ಸಬ್‌ಮರೀನ್ ಹುಡುಕಿ, ಮತ್ತೆ ದಡಕ್ಕೇ ಬಂದಿಳಿಯುವುದು ಅವುಗಳ ಕೆಲಸವಾಗಿತ್ತು.

ಅಲ್ಲಿಂದ ದಕ್ಷಿಣಕ್ಕೆ ಬಿಣಗಾ ದಾಟಿ ಅರ್ಗಾ ಕಡೆ ಹೋದರೆ ಕದಂಬ ನೌಕಾನೆಲೆ. ವಿಕ್ರಮಾದಿತ್ಯ ವಿಮಾನವಾಹಕದ ಮನೆ ಅದು. ಅದರ ಮೇಲಿನ ವಿಮಾನಗಳಿಗೆ ಹಡಗೇ ರನ್‌ವೇ.

ನೌಕಾಪಡೆಗೆ ರೆಕ್ಕೆ ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಚೀನಾದ ಹಡಗುಗಳು ಹಿಂದೂ ಮಹಾಸಾಗರಕ್ಕೆ ಬರುವುದು ಈಗ ಮಾಮೂಲಾಗಿದೆ. ಪಾಕಿಸ್ತಾನ ಹೊಸ ಸಬ್‌ಮರೀನ್ ಕೊಳ್ಳುತ್ತಿದೆ. ಹಾಗಾದರೆ ಆ ರೆಕ್ಕೆ ಎಲ್ಲಿಂದ ಹಾರಬೇಕು? ಇರುವ ಎರಡು ವಿಮಾನವಾಹಕಗಳ ಜೊತೆ ಮೂರನೆಯದನ್ನು ಕಟ್ಟಬೇಕೇ? ಅಥವಾ ಅದೇ ದುಡ್ಡನ್ನು ದಡದ ವಿಮಾನ, ಹೆಲಿಕಾಪ್ಟರ್, ಡ್ರೋನ್‌ಗಳಿಗೆ ಹಾಕಬೇಕೇ? ಎರಡೂ ಕಡೆಯ ವಾದವನ್ನು ನನಗೆ ಸಾಧ್ಯವಿದ್ದಷ್ಟು ಗಟ್ಟಿಯಾಗಿ ಇಲ್ಲಿ ಬರೆದಿದ್ದೇನೆ.

ಪರ: ದಡದ ವಿಮಾನ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ

1942ರ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆ ಬಾಂಬ್ ಬಿತ್ತು. ಕಾಕಿನಾಡದ ಮೇಲೂ ಬಿತ್ತು. ಆ ವಿಮಾನಗಳು ಬಂದದ್ದು ಬಂಗಾಳ ಕೊಲ್ಲಿಯಲ್ಲಿದ್ದ ರ್ಯೂಜೊ ಎಂಬ ಜಪಾನಿ ವಿಮಾನವಾಹಕದಿಂದ. ಅದೇ ವಾರ ಕೊಲಂಬೊ ಮತ್ತು ತ್ರಿಂಕೋಮಲಿಯ ಮೇಲೂ ಜಪಾನಿನ ಬೇರೆ ವಿಮಾನವಾಹಕಗಳಿಂದ ದಾಳಿ ನಡೆಯಿತು. ಬ್ರಿಟಿಷರ ಪೂರ್ವ ನೌಕಾಬಲ ಕೊನೆಗೆ ಆಫ್ರಿಕಾದ ಮೊಂಬಾಸಾವರೆಗೆ ಹಿಂದೆ ಸರಿಯಿತು. ನಮ್ಮ ಕರಾವಳಿಗೆ ಸಮುದ್ರದ ಕಡೆಯಿಂದ ಅಪಾಯ ಬರಲ್ಲ ಅಂತ ಹೇಳುವವರು ಆ ಒಂದು ವಾರವನ್ನು ನೆನಪಿಡಬೇಕು.

ಅದಕ್ಕೂ ನಾಲ್ಕು ತಿಂಗಳ ಹಿಂದಿನ ಘಟನೆ ಇನ್ನೂ ಕಣ್ಣು ತೆರೆಸುವಂಥದ್ದು. 1941ರ ಡಿಸೆಂಬರ್ 10ರಂದು ಮಲಯಾ ಕರಾವಳಿಯಾಚೆ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ದೊಡ್ಡ ಯುದ್ಧನೌಕೆಗಳನ್ನು ಜಪಾನಿ ವಿಮಾನಗಳು ಮುಳುಗಿಸಿದವು. ಆ ಹಡಗುಗಳ ಜೊತೆ ವಿಮಾನವಾಹಕ ಇರಲಿಲ್ಲ. ಸಹಾಯಕ್ಕೆ ಸಿಂಗಾಪುರದ ನೆಲೆಯಿಂದ ಯುದ್ಧವಿಮಾನಗಳು ಹಾರಿದ್ದವು. ಅವು ತಲುಪುವ ಹೊತ್ತಿಗೆ ಹಡಗುಗಳ ಕಥೆ ಮುಗಿದಿತ್ತು.

ದಡದ ವಿಮಾನದ ಕಷ್ಟ ಇದೇ. ಅದರ ವ್ಯಾಪ್ತಿ ಎಷ್ಟು ಸಾವಿರ ಕಿಲೋಮೀಟರ್ ಅಂತ ಎಲ್ಲರೂ ಕೇಳುತ್ತಾರೆ. ಹೋದ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲದು ಅಂತ ಕೇಳುವವರು ಕಡಿಮೆ. ಸಾವಿರ ಕಿಲೋಮೀಟರ್ ಹಾರಿ ಹೋದ ಯುದ್ಧವಿಮಾನಕ್ಕೆ ಅಲ್ಲಿ ಉಳಿಯುವುದು ಸ್ವಲ್ಪ ಹೊತ್ತು. ಇಂಧನ ಮುಳ್ಳು ನೋಡಿಕೊಂಡು ವಾಪಸ್ ತಿರುಗಲೇಬೇಕು. ಗಾಳಿಯಲ್ಲೇ ಇಂಧನ ತುಂಬುವ ವಿಮಾನಗಳು ನಮ್ಮಲ್ಲಿ ಬೆರಳೆಣಿಕೆಯಷ್ಟಿವೆ, ಅವಕ್ಕೂ ವಾಯುಪಡೆಯ ಬೇರೆ ಕೆಲಸಗಳಿರುತ್ತವೆ. ವಿಮಾನವಾಹಕ ಹತ್ತಿರದಲ್ಲಿದ್ದರೆ ಕೆಲವೇ ನಿಮಿಷಗಳಲ್ಲಿ ವಿಮಾನ ತಲೆಯ ಮೇಲಿರುತ್ತದೆ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ.

ದಡದ ರನ್‌ವೇ ಎಲ್ಲಿದೆ ಅನ್ನುವುದು ವೈರಿಯ ನಕ್ಷೆಯಲ್ಲಿ ಶಾಂತಿಯ ಕಾಲದಲ್ಲೇ ಗುರುತಾಗಿರುತ್ತದೆ. ಹಡಗು ಹಾಗಲ್ಲ. ಒಂದು ದಿನದಲ್ಲಿ ಸಾವಿರ ಕಿಲೋಮೀಟರಿಗೂ ಜಾಸ್ತಿ ಸರಿಯಬಲ್ಲದು. ಬೆಳಿಗ್ಗೆ ಉಪಗ್ರಹದಲ್ಲಿ ಕಂಡ ಜಾಗದಲ್ಲಿ ಸಂಜೆ ಇರುವುದಿಲ್ಲ.

ನಮ್ಮದೇ ಅನುಭವ ನೋಡೋಣ. 1971ರಲ್ಲಿ ಹಳೆಯ ವಿಕ್ರಾಂತದ ಒಂದು ಬಾಯ್ಲರ್ ಕೆಟ್ಟಿತ್ತು. ಪೂರ್ತಿ ವೇಗದಲ್ಲಿ ಓಡುವ ಸ್ಥಿತಿಯಲ್ಲಿರಲಿಲ್ಲ. ಅಂಥ ಹಡಗನ್ನೇ ಬಂಗಾಳ ಕೊಲ್ಲಿಗೆ ಒಯ್ದರು. ಅದರ ಸೀ ಹಾಕ್ ಮತ್ತು ಅಲೀಜೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಪೂರ್ವ ಪಾಕಿಸ್ತಾನದ ಸೈನ್ಯಕ್ಕೆ ಸಮುದ್ರದ ದಾರಿ ಮುಚ್ಚಿಹೋಯಿತು. ಆ ಒಂದು ಹಡಗಿಗೆ ಪಾಕಿಸ್ತಾನ ಎಷ್ಟು ಹೆದರಿತ್ತು ಅಂದರೆ, ಅದನ್ನು ಮುಳುಗಿಸಲೆಂದೇ ಘಾಜಿ ಸಬ್‌ಮರೀನನ್ನು ಅಷ್ಟು ದೂರ ಕಳಿಸಿತು. ಘಾಜಿ ವಿಶಾಖಪಟ್ಟಣದ ಹೊರಗೆ ತಾನೇ ಮುಳುಗಿತು.

1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ ತನ್ನ ತೀರದಿಂದ ಸುಮಾರು 13,000 ಕಿಲೋಮೀಟರ್ ದೂರ ಹೋಗಿ ಗೆದ್ದದ್ದು ಎರಡು ಸಣ್ಣ ವಿಮಾನವಾಹಕಗಳ ಬಲದಿಂದ. ಅವುಗಳಲ್ಲಿ ಒಂದು ಹರ್ಮಿಸ್. ಅದನ್ನೇ ನಾವು ಕೊಂಡು 1987ರಿಂದ 2017ರವರೆಗೆ ವಿರಾಟ್ ಎಂಬ ಹೆಸರಿನಲ್ಲಿ ನಡೆಸಿದೆವು. ತೀರಾ ಈಚೆಗೆ, 2025ರ ಮೇ ತಿಂಗಳ ಆಪರೇಷನ್ ಸಿಂದೂರದ ವೇಳೆ, ನಮ್ಮ ವಿಮಾನವಾಹಕ ಪಡೆ ಅರಬ್ಬಿ ಸಮುದ್ರದ ಉತ್ತರದಲ್ಲಿತ್ತು. ಪಾಕಿಸ್ತಾನದ ಹಡಗುಗಳು ಬಹುಪಾಲು ಬಂದರಿನೊಳಗೆ ಇಲ್ಲವೇ ತೀರದ ಹತ್ತಿರವೇ ಉಳಿದವು ಎಂದು ನೌಕಾಪಡೆ ಹೇಳಿತು. ಒಂದೇ ಒಂದು ಗುಂಡು ಹಾರಿಸದೆಯೂ ಆಗುವ ಕೆಲಸ ಇದು.

ಹಾಗಾದರೆ ಎರಡು ಸಾಲದೇ? ಸಾಲದು. ಹಡಗು ಅಂದ ಮೇಲೆ ರಿಪೇರಿ ಇದ್ದೇ ಇರುತ್ತದೆ. ವಿಮಾನವಾಹಕ ಡಾಕಿಗೆ ಹೋದರೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ದಾಟಿಯೂ ಅಲ್ಲೇ ಇರುತ್ತದೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸದಾ ಸಿದ್ಧವಾಗಿರಬೇಕಾದರೆ ಮೂರು ಬೇಕು. ನೌಕಾಪಡೆ ವರ್ಷಗಳಿಂದ ಹೇಳುತ್ತಿರುವ ಈ ಲೆಕ್ಕವನ್ನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಒಪ್ಪಿದೆ.

ಚೀನಾವನ್ನು ನೋಡಿ. ಮೊದಲ ವಿಮಾನವಾಹಕ ಲಿಯಾವೊನಿಂಗ್ ಸೇವೆಗೆ ಸೇರಿದ್ದು 2012ರಲ್ಲಿ. ಎರಡನೆಯದು ಶಾನ್‌ಡಾಂಗ್, 2019ರಲ್ಲಿ. ಮೂರನೆಯದಾದ ಫುಜಿಯಾನ್ 2025ರ ನವೆಂಬರ್‌ನಲ್ಲಿ ಸೇರಿತು, ಅದೂ ವಿದ್ಯುತ್ಕಾಂತೀಯ ಕವಣೆಯಿಂದ ವಿಮಾನ ಚಿಮ್ಮಿಸುವ ತಂತ್ರದೊಂದಿಗೆ. ನಾವು 1961ರಿಂದ ವಿಮಾನವಾಹಕ ನಡೆಸುತ್ತಿದ್ದೇವೆ. ಅವರಿಗಿಂತ ಅರ್ಧ ಶತಮಾನ ಮೊದಲು ಶುರು ಮಾಡಿದವರು ಈಗ ಹಿಂದೆ ಬೀಳುತ್ತಿದ್ದೇವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಕೈಕಸುಬಿನ ಪ್ರಶ್ನೆ. ಹೊಸ ವಿಕ್ರಾಂತವನ್ನು ಕೊಚ್ಚಿಯಲ್ಲಿ ಕಟ್ಟಿದರು. 2009ರಲ್ಲಿ ಕೆಲಸ ಶುರುವಾಗಿ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. 262 ಮೀಟರ್ ಉದ್ದ, ಒಳಗೆ ಸುಮಾರು 2,300 ಕೋಣೆಗಳು. ಯುದ್ಧನೌಕೆಗೆ ಬೇಕಾದ ವಿಶೇಷ ಉಕ್ಕು ಹೊರಗಿನಿಂದ ಸಿಗದಾದಾಗ ಇಲ್ಲೇ ತಯಾರಿಸಿದರು. ಅಂಥ ಉಕ್ಕನ್ನು ಬೆಸೆಯಲು ಕಲಿತ ವೆಲ್ಡರ್‌ಗಳಿದ್ದಾರೆ, ಕೇಬಲ್ ಎಳೆದು ಪಳಗಿದವರಿದ್ದಾರೆ. ಮುಂದಿನ ಹಡಗಿನ ಕೆಲಸ ಇಲ್ಲದಿದ್ದರೆ ಅವರು ಬೇರೆ ಕಡೆ ಹೋಗುತ್ತಾರೆ. ಮುಂಬೈಯಲ್ಲಿ ಹೀಗೇ ಆಯಿತು. ಜರ್ಮನ್ ವಿನ್ಯಾಸದ ಶಲ್ಕಿ, ಶಂಕುಲ್ ಎಂಬ ಎರಡು ಸಬ್‌ಮರೀನ್‌ಗಳನ್ನು 1992 ಮತ್ತು 1994ರಲ್ಲಿ ಕಟ್ಟಿ ಮುಗಿಸಿದರು. ಆಮೇಲೆ ಕೆಲಸ ನಿಂತುಹೋಯಿತು. ಅಲ್ಲಿ ಕಟ್ಟಿದ ಮುಂದಿನ ಸಬ್‌ಮರೀನ್, ಕಲ್ವರಿ, ಸೇವೆಗೆ ಸೇರಿದ್ದು 2017ರಲ್ಲಿ. ನಡುವೆ ಒಂದು ತಲೆಮಾರಿನ ಕೈಚಳಕ ಕಳೆದುಹೋಯಿತು. ಕೊಚ್ಚಿಯಲ್ಲೂ ಅದೇ ಆಗಲಿ ಅಂತ ಬಿಡೋಣವೇ?

ದಡದ ರನ್‌ವೇ ಅಗ್ಗ ಅನ್ನುವವರಿಗೂ ಒಂದು ಮಾತು. ಅಗ್ಗ ಯಾರಿಗೆ? ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ತೀರ ಬಿಟ್ಟುಕೊಟ್ಟವು. ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟಿಗೆ ಅಲೆದವು. ಈಗ ನೌಕಾ ವಿಮಾನ ನಿಲ್ದಾಣಕ್ಕೆಂದು ಅಂಕೋಲಾ ತಾಲ್ಲೂಕಿನ ಅಲಗೇರಿಯ ಜನ ಅದೇ ಆತಂಕ ಅನುಭವಿಸಿದ್ದಾರೆ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ರನ್‌ವೇ ಹಾಕೋಣವೆಂದರೆ ಅಲ್ಲಿ ಶೋಂಪೆನ್ ಬುಡಕಟ್ಟಿನ ಜನರ ಕಾಡಿದೆ, ಗಲಾಥಿಯಾ ಕೊಲ್ಲಿಯಲ್ಲಿ ಕಡಲಾಮೆ ಮೊಟ್ಟೆ ಇಡುವ ಮರಳಿದೆ. ಹಡಗಿನ ಡೆಕ್ ಯಾರ ಗದ್ದೆಯನ್ನೂ ಕೇಳುವುದಿಲ್ಲ.

ಇನ್ನು ಎಣ್ಣೆಯ ಮಾತು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಸುರಂಗ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್‌ನದು, ವಿಶಾಖಪಟ್ಟಣದಲ್ಲಿ ಇನ್ನೊಂದು. ಮೂರೂ ತುಂಬಿದ್ದರೂ ಆ ಎಣ್ಣೆ ದೇಶಕ್ಕೆ ಹತ್ತು ದಿನ ಬರುವುದಿಲ್ಲ. ಹನ್ನೊಂದನೇ ದಿನದ ಎಣ್ಣೆ ಸಮುದ್ರದಲ್ಲೇ ಬರಬೇಕು. ಆ ಟ್ಯಾಂಕರ್‌ಗಳ ತಲೆಯ ಮೇಲೆ ನಮ್ಮ ವಿಮಾನ ಇರಬೇಕಲ್ವಾ?

ವಿರೋಧ: ಇರುವ ಡೆಕ್‌ಗೇ ವಿಮಾನ ಸಾಲದಾಗ

ಪ್ರಿನ್ಸ್ ಆಫ್ ವೇಲ್ಸ್ ಹಡಗಿನ ಕಥೆಯಿಂದಲೇ ಶುರು ಮಾಡುತ್ತೇನೆ. ಅದನ್ನು ಮುಳುಗಿಸಿದ ವಿಮಾನಗಳು ಎಲ್ಲಿಂದ ಬಂದಿದ್ದವು? ಸೈಗಾನ್ ಸುತ್ತಮುತ್ತಲಿನ ನೆಲೆಗಳಿಂದ. ದಡದಿಂದ. ಆವತ್ತು ಗೆದ್ದದ್ದು ಟಾರ್ಪಿಡೊ ಹೊತ್ತು ದೂರ ಹಾರಬಲ್ಲ, ದಡದ ರನ್‌ವೇಯಿಂದ ಎದ್ದ ವಿಮಾನಗಳೇ. 80 ವರ್ಷಗಳ ಹಿಂದೆಯೇ ಅದು ಆಗಿದ್ದರೆ ಇವತ್ತು ಕೇಳಬೇಕೇ? ತಂಜಾವೂರಿನಲ್ಲಿ 2020ರಿಂದ ಸುಖೋಯ್-30 ವಿಮಾನಗಳ ತುಕಡಿಯೊಂದಿದೆ. ಹೊಟ್ಟೆಯಡಿ ಬ್ರಹ್ಮೋಸ್ ಕಟ್ಟಿಕೊಂಡು ಹೊರಟರೆ, ಹಡಗಿನಿಂದ ಮುನ್ನೂರು ಕಿಲೋಮೀಟರ್ ದೂರದಲ್ಲೇ ನಿಂತು ಹೊಡೆಯಬಲ್ಲವು.

ಈಗ ದುಡ್ಡಿನ ಲೆಕ್ಕ. ವಿಕ್ರಾಂತ ಕಟ್ಟಲು ಸುಮಾರು 20,000 ಕೋಟಿ ರೂಪಾಯಿ ಖರ್ಚಾಯಿತು. ಅದರ ಡೆಕ್‌ಗೆಂದು 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನಿಂದ 26 ರಫೇಲ್ ಕೊಳ್ಳಲು ಒಪ್ಪಂದವಾಯಿತು. ಆಯುಧ, ತರಬೇತಿ, ಬಿಡಿಭಾಗ ಎಲ್ಲ ಸೇರಿ ಸುಮಾರು 63,000 ಕೋಟಿ. ಹಡಗಿನ ಮೂರು ಪಟ್ಟು ಅದರ ವಿಮಾನಕ್ಕೆ! ಅವು ಪೂರ್ತಿ ಬಂದು ಸೇರುವುದು 2030ರ ಹೊತ್ತಿಗೆ. ಅಲ್ಲಿಯವರೆಗೆ ಎರಡೂ ಹಡಗುಗಳಿಗೆ ಮಿಗ್-29ಕೆ ವಿಮಾನಗಳೇ ಗತಿ. 45 ಕೊಂಡಿದ್ದೆವು. ಹಾರಲು ಸಿದ್ಧವಾಗಿ ಸಿಗುತ್ತಿದ್ದ ವಿಮಾನಗಳ ಪ್ರಮಾಣ ಶೇ. 16ರಿಂದ ಶೇ. 38ರ ನಡುವೆ ಇತ್ತು ಅಂತ 2016ರ ಸಿಎಜಿ ವರದಿ ಹೇಳಿತು. ನೂರಕ್ಕೆ ಅರವತ್ತಕ್ಕೂ ಜಾಸ್ತಿ ವಿಮಾನ ಹ್ಯಾಂಗರ್‌ನಲ್ಲೇ ನಿಂತಿತ್ತು ಎಂದರ್ಥ. ಬೆಂಗಳೂರಿನ ವಿನ್ಯಾಸಗಾರರು ನೌಕಾಪಡೆಗಾಗಿ ಮಾಡುತ್ತಿರುವ ಎರಡು ಎಂಜಿನ್‌ನ ಯುದ್ಧವಿಮಾನ ಇನ್ನೂ ಹಾರಿಲ್ಲ. ನೌಕಾ ತೇಜಸ್ 2020ರಲ್ಲಿ ವಿಕ್ರಮಾದಿತ್ಯದ ಮೇಲೆ, 2023ರಲ್ಲಿ ವಿಕ್ರಾಂತದ ಮೇಲೆ ಇಳಿದಾಗ ನನಗೂ ರೋಮಾಂಚನವಾಗಿತ್ತು. ತಂತಿಗೆ ಕೊಕ್ಕೆ ಸಿಕ್ಕಿ ಎರಡು-ಮೂರು ಸೆಕೆಂಡಿನಲ್ಲಿ ನಿಂತ ಆ ವಿಮಾನ ನಮ್ಮವರ ಕೈಕೆಲಸ. ಆದರೆ ಅದು ಕಲಿಕೆಗಾಗಿ ಮಾಡಿದ್ದು. ಯುದ್ಧಕ್ಕೆ ಹೋಗುವ ವಿಮಾನ ಅದಲ್ಲ ಅಂತ ನೌಕಾಪಡೆಯೇ ತೀರ್ಮಾನಿಸಿದೆ.

ಹೀಗಿರುವಾಗ ಮೂರನೇ ಡೆಕ್ ಕಟ್ಟಿ ಅದರ ಮೇಲೆ ಏನು ನಿಲ್ಲಿಸುವುದು?

ವಿಮಾನವಾಹಕ ಒಂಟಿಯಾಗಿ ಹೊರಡುವುದೂ ಇಲ್ಲ. ಸುತ್ತ ಡಿಸ್ಟ್ರಾಯರ್, ಫ್ರಿಗೇಟ್ ಬೇಕು. ಕೆಳಗೊಂದು ಸಬ್‌ಮರೀನ್ ಇದ್ದರೆ ಒಳ್ಳೆಯದು. ಹಿಂದೆ ಎಣ್ಣೆಯ ಹಡಗು ಬೇಕು. ಮೇಲಿರುವ ವಿಮಾನಗಳಲ್ಲಿ ಒಂದಷ್ಟು ತಾಯಿಹಡಗನ್ನು ಕಾಯುವುದಕ್ಕೇ ಮೀಸಲು. ನಮ್ಮ ಎರಡೂ ವಿಮಾನವಾಹಕಗಳಲ್ಲಿ ಕವಣೆ ಇಲ್ಲ, ಮುಂತುದಿಯ ಏರು ಇಳಿಜಾರಿನಿಂದ ವಿಮಾನ ಹಾರಬೇಕು. ಹಾಗಾಗಿ ತುಂಬು ಇಂಧನ, ತುಂಬು ಆಯುಧ ಹೊತ್ತು ಏರುವುದು ಕಷ್ಟ. ದೂರ ನೋಡುವ ದೊಡ್ಡ ರೇಡಾರ್ ವಿಮಾನವೂ ಅಲ್ಲಿಂದ ಹಾರದು. ಆ ಕೆಲಸಕ್ಕೆ ಕಮೊವ್-31 ಹೆಲಿಕಾಪ್ಟರ್ ಇಟ್ಟುಕೊಂಡಿದ್ದೇವೆ. ಫುಜಿಯಾನ್‌ನಿಂದ ಚೀನಾ ರೆಕ್ಕೆಯ ರೇಡಾರ್ ವಿಮಾನವನ್ನೇ ಹಾರಿಸುತ್ತಿದೆ. ವಿಕ್ರಾಂತದಂಥದ್ದೇ ಇನ್ನೊಂದನ್ನು ಕಟ್ಟಿದರೆ ಅದೇ ಕೊರತೆಯನ್ನು ಇನ್ನು 40 ವರ್ಷ ಹೊರಬೇಕಾಗುತ್ತದೆ.

1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಎದುರಾಳಿ ಅರ್ಜೆಂಟೀನಾ ಬಳಿಯೂ ಒಂದು ವಿಮಾನವಾಹಕ ಇತ್ತು. ಮೇ 2ರಂದು ಬ್ರಿಟನ್ನಿನ ಸಬ್‌ಮರೀನ್ ಒಂದು ಅವರ ಬೆಲ್ಗ್ರಾನೊ ಹಡಗನ್ನು ಮುಳುಗಿಸಿತು. ಆಮೇಲೆ ಆ ವಿಮಾನವಾಹಕ ತೀರದ ಕಡೆ ಸರಿದದ್ದು ಮತ್ತೆ ಯುದ್ಧದ ಕಡೆ ಮುಖ ಮಾಡಲಿಲ್ಲ. ಎರಡೇ ದಿನದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಯುದ್ಧನೌಕೆಗೆ ಎಕ್ಸೊಸೆ ಕ್ಷಿಪಣಿ ಬಡಿಯಿತು. ಅದನ್ನು ಹಾರಿಸಿದ ವಿಮಾನ ಬಂದದ್ದು ದಡದಿಂದ. 2022ರಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯಾದ ಮಾಸ್ಕ್ವಾ ಯುದ್ಧನೌಕೆ ಮುಳುಗಿದ್ದೂ ಉಕ್ರೇನಿನ ದಡದಿಂದ ಬಂದ ಕ್ಷಿಪಣಿಗಳಿಂದ. ಚೀನಾ ದೊಡ್ಡ ಹಡಗುಗಳನ್ನು ಹೊಡೆಯಲೆಂದೇ ಡಿಎಫ್-21ಡಿ, ಡಿಎಫ್-26 ಎಂಬ ಬ್ಯಾಲಿಸ್ಟಿಕ್ ಕ್ಷಿಪಣಿ ಇಟ್ಟುಕೊಂಡಿದೆ. ಜನರಲ್ ಬಿಪಿನ್ ರಾವತ್ 2020ರಲ್ಲಿ, ಮೂರನೇ ವಿಮಾನವಾಹಕಕ್ಕಿಂತ ಸಬ್‌ಮರೀನ್‌ಗಳ ಕೊರತೆ ತುಂಬುವುದು ಮೊದಲು ಅನ್ನುವ ನಿಲುವು ತೋರಿಸಿದ್ದರು. ಅವರ ಮಾತಿನಲ್ಲಿ ಹುರುಳಿತ್ತು.

ನಮ್ಮ ಅಸಲಿ ಅಪಾಯ ನೀರಿನ ಕೆಳಗಿದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ನಮ್ಮ ಖುಕ್ರಿ ಯುದ್ಧನೌಕೆ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಯೇ ಹೋದರು. ಸಬ್‌ಮರೀನ್ ಹುಡುಕಲೆಂದೇ ಹೊರಟ ಹಡಗು ಅದು. ಸದ್ದಿನಿಂದ ನೀರಿನಡಿಯ ವಸ್ತು ಪತ್ತೆಹಚ್ಚುವ ಅದರ ಸೋನಾರ್ ವೈರಿಯನ್ನು ಸಮಯಕ್ಕೆ ಹಿಡಿಯಲಿಲ್ಲ. ಹೊಡೆದ ಸಬ್‌ಮರೀನಿನ ಹೆಸರು ಹ್ಯಾಂಗೋರ್. ಪಾಕಿಸ್ತಾನ ಈಗ ಚೀನಾ ವಿನ್ಯಾಸದ ಎಂಟು ಹೊಸ ಸಬ್‌ಮರೀನ್‌ಗಳನ್ನು ಪಡೆಯುತ್ತಿದೆ. ಆ ವರ್ಗಕ್ಕೆ ಇಟ್ಟ ಹೆಸರೂ ಹ್ಯಾಂಗೋರ್. ಇವು ಪದೇ ಪದೇ ಮೇಲೆ ಬಂದು ಗಾಳಿ ತಗೊಳ್ಳದೆ ಬಹಳ ದಿನ ಕೆಳಗೇ ಇರಬಲ್ಲವು.

ಇಂಥದ್ದನ್ನು ಹಿಡಿಯುವುದು ರಫೇಲ್ ಅಲ್ಲ, ದಡದಿಂದ ಹಾರುವ ಪಿ-8ಐ ವಿಮಾನ. ಮೊದಲನೆಯದು 2013ರಲ್ಲಿ ಅರಕ್ಕೋಣಂಗೆ ಬಂದಿಳಿಯಿತು, ಈಗ ನಮ್ಮ ಬಳಿ 12 ಇವೆ. ಅದು ಹಾರುತ್ತಾ ಕೊಳವೆಯಂಥ ಸೋನೊಬಾಯ್‌ಗಳನ್ನು ಸಾಲಾಗಿ ಸಮುದ್ರಕ್ಕೆ ಬಿಡುತ್ತದೆ. ಬಾಯ್ ನೀರಿಗೆ ಬಿದ್ದೊಡನೆ ಅದರ ಮೈಕ್ ಕೆಳಗಿಳಿಯುತ್ತದೆ. ಮೇಲೆ ಆಂಟೆನಾ, ಕೆಳಗೆ ಕಿವಿ. ವಿಮಾನದಲ್ಲಿ ಕೂತವರು ಎಲ್ಲ ಕಿವಿಗಳ ಸದ್ದನ್ನೂ ಒಟ್ಟಿಗೆ ಕೇಳುತ್ತಾರೆ. ಅಲೆ ಯಾವುದು, ತಿಮಿಂಗಿಲ ಯಾವುದು, ಸಬ್‌ಮರೀನಿನ ಪಂಖ ಯಾವುದು ಅಂತ ಬೇರ್ಪಡಿಸುತ್ತಾರೆ. ಹತ್ತಿರ ಹೋಗಿ ಖಚಿತ ಮಾಡಿಕೊಳ್ಳಲು ಹೆಲಿಕಾಪ್ಟರ್ ಬೇಕು. 2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಸೀಹಾಕ್ ಹೆಲಿಕಾಪ್ಟರ್, ಬಾವಿಗೆ ಕೊಡ ಇಳಿಸಿದ ಹಾಗೆ, ನಿಂತಲ್ಲೇ ನಿಂತು ಹಗ್ಗದಲ್ಲಿ ಸೋನಾರ್ ಇಳಿಸುತ್ತದೆ. ಅವನ್ನು ಕೊಂಡಿರುವುದು 24. ನಮ್ಮ ಡಿಸ್ಟ್ರಾಯರ್, ಫ್ರಿಗೇಟ್‌ಗಳನ್ನು ಎಣಿಸಿದರೆ ಇವು ಏನೇನೂ ಸಾಲವು. ಹೆಲಿಕಾಪ್ಟರ್ ಇಲ್ಲದ ಯುದ್ಧನೌಕೆ ನೀರಿನಡಿಯ ವೈರಿಗೆ ಅರ್ಧ ಕುರುಡು.

2024ರ ಮಾರ್ಚ್‌ನ ಎಂವಿ ರುಯೆನ್ ಕಾರ್ಯಾಚರಣೆ ನೆನಪಿದೆಯೇ? ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿದ್ದ ಹಡಗು. ನಮ್ಮ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರ. ಐಎನ್‌ಎಸ್ ಕೋಲ್ಕತಾ ಅದನ್ನು ತಡೆದು ನಿಲ್ಲಿಸಿತು. ಪಿ-8ಐ ಮತ್ತು ಸೀ ಗಾರ್ಡಿಯನ್ ಡ್ರೋನ್ ಮೇಲಿಂದ ಕಣ್ಣಿಟ್ಟವು. ವಾಯುಪಡೆಯ ಸಿ-17 ವಿಮಾನದಿಂದ ಮಾರ್ಕೋಸ್ ಕಮಾಂಡೊಗಳು ಪ್ಯಾರಾಚೂಟ್ ಕಟ್ಟಿ ಸಮುದ್ರಕ್ಕೆ ಹಾರಿದರು. 35 ಕಡಲ್ಗಳ್ಳರು ಶರಣಾದರು. 17 ನಾವಿಕರು ಬದುಕಿ ಬಂದರು. ಆ ಕೆಲಸಕ್ಕೆ ಹೋದ ಪಿ-8ಐ, ಸಿ-17, ಸೀ ಗಾರ್ಡಿಯನ್ ಎಲ್ಲ ದಡದಿಂದಲೇ ಹಾರಿದ್ದವು. ಎಣ್ಣೆಯ ಟ್ಯಾಂಕರ್‌ಗಳ ಮೇಲೆ ನಿಗಾ ಇಡಬೇಕು ಅನ್ನುವವರು ಈ ಉದಾಹರಣೆ ನೋಡಲಿ. 31 ಡ್ರೋನ್‌ಗಳಿಗೆ 2024ರಲ್ಲಿ ಆದ ಒಪ್ಪಂದದಲ್ಲಿ 15 ನೌಕಾಪಡೆಯ ಪಾಲಿಗಿವೆ. ಒಂದೊಂದೂ ದಿನಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿರಬಲ್ಲದು.

ಅಂಡಮಾನ್ ನಿಕೋಬಾರನ್ನೂ ಮರೆಯಬಾರದು. ತುದಿಯ ಇಂದಿರಾ ಪಾಯಿಂಟ್‌ನಿಂದ ಇಂಡೊನೇಷ್ಯಾಕ್ಕೆ ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಮಲಕ್ಕಾ ಕಡೆ ಹೋಗುವ, ಬರುವ ಹಡಗುಗಳ ದಾರಿ ಅಲ್ಲೇ. ಕ್ಯಾಂಪ್‌ಬೆಲ್ ಬೇಯಲ್ಲಿ 2012ರಿಂದ ಬಾಜ್ ನೆಲೆ ಇದೆ. ದ್ವೀಪದ ರನ್‌ವೇ ಮೇಲೆ ಬಾಂಬ್ ಬಿದ್ದರೆ ಗುಂಡಿ ಮುಚ್ಚಿ ಒಂದೆರಡು ದಿನದಲ್ಲಿ ಮತ್ತೆ ವಿಮಾನ ಹಾರಿಸಬಹುದು. ವಿಮಾನವಾಹಕಕ್ಕೆ ಟಾರ್ಪಿಡೊ ಬಿದ್ದರೆ ಸಾವಿರದ ಆರುನೂರು ಮಂದಿಯ ಜೀವ ಒಂದೇ ಏಟಿಗೆ ಅಪಾಯಕ್ಕೆ ಸಿಗುತ್ತದೆ.

ದಡದ ನೆಲೆಗೆ ಜನ ತೆರುವ ಬೆಲೆಯ ಮಾತು ನಿಜ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಮೊದಲು ಗೋವಾದ ಹನ್ಸಾ, ವಿಶಾಖಪಟ್ಟಣದ ದೇಗಾ, ಅರಕ್ಕೋಣಂನ ರಾಜಾಲಿ, ಶ್ರೀ ವಿಜಯಪುರಂನ (ಹಿಂದಿನ ಪೋರ್ಟ್ ಬ್ಲೇರ್) ಉತ್ಕ್ರೋಶ್‌ಗಳಂಥ ಇರುವ ನೆಲೆಗಳನ್ನೇ ತುಂಬಬೇಕು. ಹೊಸ ಜಾಗ ಬೇಕೇಬೇಕು ಅಂದರೆ ನಿರಾಶ್ರಿತರ ಪರಿಹಾರದ ದುಡ್ಡು ಯೋಜನೆಯ ಮೊದಲ ಕಂತಿನಲ್ಲೇ ಇರಬೇಕು. ರನ್‌ವೇ ಮುಗಿದ ಮೇಲೆ ನೋಡೋಣ ಅನ್ನುವ ಹಾಗಿಲ್ಲ.

ಕೊಚ್ಚಿಯ ವೆಲ್ಡರ್‌ಗಳಿಗೂ ಕೆಲಸ ಇರಬೇಕು. ಫ್ರಿಗೇಟ್, ಎಣ್ಣೆಯ ಹಡಗು, ಸಬ್‌ಮರೀನ್ ಬೇಟೆಯ ಸಣ್ಣ ನೌಕೆ, ಕಟ್ಟುವುದಕ್ಕೆ ನಮಗೆ ಬೇಕಾದಷ್ಟಿದೆ. ಹೆಲಿಕಾಪ್ಟರ್, ಇನ್ನಷ್ಟು ಪಿ-8ಐ, ಗಾಳಿಯಲ್ಲಿ ಇಂಧನ ತುಂಬುವ ವಿಮಾನ, ಸಬ್‌ಮರೀನ್ ಇವು ಮೊದಲು ಬರಲಿ. 2030ಕ್ಕೆ ಕೊನೆಯ ರಫೇಲ್ ಬಂದಿಳಿಯಲಿ, ವಿಕ್ರಾಂತ ತುಂಬು ಡೆಕ್‌ನೊಂದಿಗೆ ಒಂದು ಮಳೆಗಾಲ ದಾಟಲಿ. ಕವಣೆ ಇರುವ ವಿನ್ಯಾಸ, ಅದರ ಮೇಲೆ ಹಾರಲು ನಮ್ಮದೇ ವಿಮಾನ, ಎರಡೂ ಕೈಯಲ್ಲಿದ್ದರೆ ಮೂರನೇ ಹಡಗಿನ ಮಾತನ್ನು ಆಗ ಮತ್ತೆ ತೆಗೆಯೋಣ.